ಕಥೆ ಹೇಳುವ ಹುಡುಗ ಯಾವಾಗ ದೊಡ್ಡವನಾಗುತ್ತಾನೆ?

ಪ್ರಶ್ನೆ: ನಾನು ಬರೆದಿರುವ ಸಣ್ಣಕಥೆಯೊಂದನ್ನು ಹದಿಮೂರು ವರ್ಷದ ಹುಡುಗನೇ ಹೇಳುತ್ತಾನೆ. ಹಾಡಿನ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದ ಸಂಗೀತದ ಮೇಷ್ಟ್ರೊಬ್ಬರು ಅವನ ತಲೆ ಸವರಿ, 'ಈ ಗಂಟಲು ಇಲ್ಲೇ ಉಳೀಬಾರದು, ಮುಂದಿನ ವರ್ಷ ನಿನ್ನನ್ನ ನಾನೇ ಕರೆಸಿಕೊಳ್ತೀನಿ' ಅನ್ನುತ್ತಾರೆ. ಹುಡುಗ ವರ್ಷವಿಡೀ ಕಾಗದಕ್ಕಾಗಿ ಕಾಯುತ್ತಾನೆ. ಬರುವುದಿಲ್ಲ. ಕೊನೆಗೆ ತಾನೇ ಹುಡುಕಿಕೊಂಡು ಹೋದಾಗ ಅವರು ಬೇರೊಬ್ಬ ಹುಡುಗನ ತಲೆ ಸವರಿ ಅದೇ ಮಾತು ಹೇಳುತ್ತಿರುತ್ತಾರೆ. ಓದಿದ ಗೆಳೆಯರದು ಎರಡು ದೂರು: ಹುಡುಗ ಮೊದಲ ಪುಟದಿಂದಲೇ ಮುದುಕನ ಹಾಗೆ ಮಾತಾಡುತ್ತಾನೆ, ಕೊನೆ ಉಪದೇಶದ ಹಾಗಿದೆ. ಆಸೆಯಿಂದ ಭ್ರಮನಿರಸನಕ್ಕೆ, ಅಲ್ಲಿಂದ ಪ್ರಬುದ್ಧತೆಗೆ ಅವನನ್ನು ಹೇಗೆ ದಾಟಿಸಲಿ? ಇಂಥ ಕಥೆ ಕಹಿಯಾಗಿಯೇ ಮುಗಿಯಬೇಕೆ? ಕಥೆಯನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಕಥೆಯನ್ನು ಎರಡು ಸಲ ಓದಿದೆ. ಗೆಳೆಯರು ಹೇಳಿದ್ದು ಎರಡೂ ನಿಜ. ಆದರೆ ನನಗೆ ಅವು ಎರಡು ಬೇರೆ ಕಾಯಿಲೆಗಳಾಗಿ ಕಾಣಲಿಲ್ಲ; ಒಂದೇ ಕಾಯಿಲೆ ತಲೆಯಲ್ಲೂ ಬಾಲದಲ್ಲೂ ಕಾಣಿಸಿಕೊಂಡಿದೆ. ಕೊನೆಯ ಪುಟದಲ್ಲಿ ಹುಡುಗ ಕಲಿಯಬೇಕಾದ ಪಾಠವನ್ನು ನೀವು ಮೊದಲ ಸಾಲಿನಲ್ಲೇ ಅವನ ಬಾಯಿಗೆ ತುರುಕಿದ್ದೀರಿ. ಇಡೀ ಕಥೆ ಅದನ್ನು ಬಾಯಲ್ಲಿಟ್ಟುಕೊಂಡೇ ತಿರುಗಿದವನು, ಕೊನೆಗೆ ಈಗಷ್ಟೇ ಕಂಡುಕೊಂಡವನ ಹಾಗೆ ನಟಿಸಬೇಕಾಗಿದೆ. ನಟಿಸುವವನು ದನಿ ಏರಿಸುತ್ತಾನೆ. ಉಪದೇಶ ಬಂದದ್ದು ಅಲ್ಲಿಂದ.

ನಿಮ್ಮ ಮೊದಲ ಸಾಲು ಇದು: 'ಲೋಕದ ಕಪಟವರಿಯದ ಆ ಮುಗ್ಧ ವಯಸ್ಸಿನಲ್ಲಿ ನಾನು ಮೇಷ್ಟ್ರ ಮಾತನ್ನು ನಂಬಿಬಿಟ್ಟೆ.' ಇದರಲ್ಲಿ ಮೂರು ಕಡೆ ಕಥೆಯ ಜೀವ ಹೋಗಿದೆ. 'ಮುಗ್ಧ' ಎಂಬುದು ಮುಗ್ಧರು ತಮ್ಮ ಬಗ್ಗೆ ಎಂದೂ ಬಳಸದ ಪದ. ಹದಿಮೂರರ ಹುಡುಗ ತನ್ನನ್ನು ಮಹಾ ಜಾಣನೆಂದೇ ಭಾವಿಸಿರುತ್ತಾನೆ. ಅವನಿಗೆ ಅವನ ಆಸೆ ಆಸೆಯಲ್ಲ, ಲೆಕ್ಕಾಚಾರ. 'ಕಪಟ' ಎಂಬುದು ಮೇಷ್ಟ್ರ ಮೇಲಿನ ತೀರ್ಪು, ವಿಚಾರಣೆಗೆ ಮೊದಲೇ ಹೊರಬಿದ್ದಿದೆ. ಇನ್ನು 'ನಂಬಿಬಿಟ್ಟೆ'ಯಲ್ಲಿರುವ ಆ 'ಬಿಟ್ಟೆ' ಇದೆಯಲ್ಲ, ಅದು ದೊಡ್ಡ ಚಾಡಿಕೋರ. 'ನಂಬಿದೆ' ಅಂದರೆ ನಂಬಿಕೆ ಮಾತ್ರ. 'ನಂಬಿಬಿಟ್ಟೆ' ಅಂದರೆ ನಂಬಿಕೆ, ಅದರ ಬೆನ್ನಿಗೇ ಪಶ್ಚಾತ್ತಾಪ. ಓದುಗ ಅದನ್ನು ಓದಿದ ಕ್ಷಣವೇ ಕಾಗದ ಬರುವುದಿಲ್ಲ ಎಂದು ತಿಳಿದು ಕಾಲು ಚಾಚಿ ಕೂತುಕೊಳ್ಳುತ್ತಾನೆ.

ಉತ್ತಮ ಪುರುಷದಲ್ಲಿ ಹೇಳುವ ಕಥೆಯಲ್ಲಿ 'ನಾನು' ಒಬ್ಬನಲ್ಲ, ಇಬ್ಬರು. ಅನುಭವಿಸುವ ನಾನು ಒಬ್ಬ, ಅದನ್ನು ಹೇಳುವ ನಾನು ಇನ್ನೊಬ್ಬ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಲಿಯೋ ಸ್ಪಿಟ್ಜರ್ ಎಂಬ ವಿದ್ವಾಂಸ ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್‌ನ ಶೈಲಿಯ ಬಗ್ಗೆ ಬರೆಯುತ್ತಾ ಈ ಇಬ್ಬರನ್ನು ಬೇರೆ ಮಾಡಿ ತೋರಿಸಿದ. ಆಮೇಲೆ ಬಂದ ನಿರೂಪಣಾ ಶಾಸ್ತ್ರದಲ್ಲಿ, ಅಂದರೆ ಕಥೆ ಹೇಳುವ ಬಗೆಯ ಅಧ್ಯಯನದಲ್ಲಿ, ಆ ಭೇದಕ್ಕೆ ದೊಡ್ಡ ಸ್ಥಾನವಿದೆ. ಶಾಸ್ತ್ರ ನಿಮಗೆ ಬೇಡ. ಬೇಕಾದದ್ದು ಇಷ್ಟೆ: ಇಬ್ಬರಲ್ಲಿ ಯಾವ ಪುಟದಲ್ಲಿ ಯಾರ ಕೈಯಲ್ಲಿ ಲೇಖನಿ ಇದೆ ಎಂಬುದು ನಿಮಗೆ ಗೊತ್ತಿರಬೇಕು. ನಿಮ್ಮ ಕರಡಿನಲ್ಲಿ ದೊಡ್ಡವನೇ ಮೊದಲಿಂದ ಕೊನೆಯವರೆಗೂ ಬರೆದಿದ್ದಾನೆ. ಹುಡುಗನಿಗೆ ಸಿಕ್ಕಿದ್ದು ಅವನ ಶರ್ಟು, ಅವನ ಸೈಕಲ್ಲು, ಮಾತು ಸಿಕ್ಕಿಲ್ಲ.

ಹಾಗೆಂದು ದೊಡ್ಡವನನ್ನು ಹೊರಗೆ ಹಾಕಿ, ಹುಡುಗನಿಗೆ ತೊದಲು ಭಾಷೆ ಕೊಡಿ ಎಂದಲ್ಲ. ಅದು ಇನ್ನೂ ಕೆಟ್ಟದು. ಎಳೆಯ ನಿರೂಪಕ ಎಂದೊಡನೆ ಮೂರು ಪದದ ವಾಕ್ಯ, ಎರಡು 'ಗೊತ್ತಾ?' ಸೇರಿಸುವ ಕಥೆಗಳನ್ನು ಸಾಕಷ್ಟು ತಿದ್ದಿದ್ದೇನೆ. ಅವುಗಳಲ್ಲಿ ಮಕ್ಕಳಿರುವುದಿಲ್ಲ, ಮಕ್ಕಳ ವೇಷ ಹಾಕಿದ ದೊಡ್ಡವರಿರುತ್ತಾರೆ. ಹೆನ್ರಿ ಜೇಮ್ಸ್ 1897ರಲ್ಲಿ ಮೇಸಿ ಎಂಬ ಪುಟ್ಟ ಹುಡುಗಿಯ ಕಾದಂಬರಿ ಬರೆದ. ಅವಳ ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅವಳು ಇಬ್ಬರ ನಡುವೆ ಚೆಂಡಿನಂತೆ ಓಡಾಡುತ್ತಾಳೆ. ಆ ಕಾದಂಬರಿಗೆ ಅವನೇ ಬರೆದ ಮುನ್ನುಡಿಯಲ್ಲಿ ಒಂದು ಅಂಶ ಬರುತ್ತದೆ: ಮಕ್ಕಳು ಕಾಣುವುದು ಬಹಳ, ಅದನ್ನು ಹೇಳಲು ಅವರಲ್ಲಿರುವ ಪದಗಳು ಕಡಿಮೆ. ಅವನು ಮೇಸಿಯ ಕಣ್ಣು ಇಟ್ಟುಕೊಂಡು ಪದ ಮಾತ್ರ ತನ್ನವು ಬಳಸಿದ. ನಮ್ಮಲ್ಲಿ ಅನಂತಮೂರ್ತಿಯವರ 'ಘಟಶ್ರಾದ್ಧ' ಕೂಡ ಪಾಠಕ್ಕೆಂದು ಬಂದ ಹುಡುಗನೊಬ್ಬನ ಕಣ್ಣಿನಿಂದ ನಡೆಯುತ್ತದೆ. ಸುತ್ತಲಿನ ದೊಡ್ಡವರು ಪಿಸುಗುಟ್ಟುವುದೇನೆಂದು ಅವನಿಗಿಂತ ಮೊದಲು ನಮಗೆ ಅರ್ಥವಾಗುತ್ತದೆ, ಆ ಅಂತರದಲ್ಲೇ ನಮ್ಮ ಎದೆ ಬಡಿದುಕೊಳ್ಳುತ್ತದೆ. ಅಂದರೆ ಪದಸಂಪತ್ತು ದೊಡ್ಡವನದಾಗಿದ್ದರೂ ನಡೆಯುತ್ತದೆ. ತೀರ್ಪು ಮಾತ್ರ ಅವನದಾಗಿರಬಾರದು. ಕಣ್ಣು, ಕಿವಿ, ತಪ್ಪು ತರ್ಕ ಇವು ಹುಡುಗನವು.

ಈಗ ಭಾಷೆಯ ಒಂದು ಸೂಕ್ಷ್ಮಕ್ಕೆ ಬರುತ್ತೇನೆ. ಕನ್ನಡದಲ್ಲಿ ಇದು ಬಹಳ ಮುಖ್ಯ, ಆದರೆ ಹೊರಗಿನ ಕಥನಕಲೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ನಿಮ್ಮ ಕಥೆಯ ಮೊದಲ ಅರ್ಧದಲ್ಲಿ 'ಅಂದುಕೊಂಡಿದ್ದೆ', 'ತಿಳಿದುಕೊಂಡಿದ್ದೆ', 'ಭಾವಿಸಿದ್ದೆ' ಹನ್ನೊಂದು ಸಲ ಬಂದಿದೆ. ಎಣಿಸಿದೆ. 'ಮೇಷ್ಟ್ರು ಕಾಗದ ಬರೆಯುತ್ತಾರೆ ಅಂದುಕೊಂಡಿದ್ದೆ' ಎಂದು ಯಾರಾದರೂ ಹೇಳಿದರೆ ಕನ್ನಡದ ಕಿವಿ ತಕ್ಷಣ ಕೇಳಿಸಿಕೊಳ್ಳುವುದು 'ಬರೆಯಲಿಲ್ಲ' ಎಂದು. ನಮ್ಮ ಮಾತಿನಲ್ಲಿ ಅಂದುಕೊಂಡಿದ್ದೆಲ್ಲ ಹೆಚ್ಚುಕಡಿಮೆ ತಪ್ಪಾದದ್ದೇ. ಸರಿಯಾದದ್ದನ್ನು ನಾವು 'ಗೊತ್ತಿತ್ತು' ಅನ್ನುತ್ತೇವೆ. ಹಾಗಾಗಿ ಆ ಹನ್ನೊಂದು ಕಡೆಯೂ ನೀವು ಸೋಲನ್ನು ಮುಂಚಿತವಾಗಿ ಸಾರಿದ್ದೀರಿ. ಅವನ್ನೆಲ್ಲ ಕಿತ್ತು ಹಾಕಿ, ನಂಬಿಕೆಯನ್ನು ನಂಬಿಕೆಯ ರೂಪದಲ್ಲೇ ಬಿಡಿ: 'ಶನಿವಾರ ಕಾಗದ ಬರುತ್ತದೆ. ಶನಿವಾರ ಬರದಿದ್ದರೆ ಸೋಮವಾರ. ಭಾನುವಾರ ಅಂಚೆ ಇಲ್ಲ, ಅದು ಮೇಷ್ಟ್ರ ತಪ್ಪಲ್ಲ.' ಸುತ್ತಲಿನ ಕಥೆ ಭೂತಕಾಲದಲ್ಲಿದ್ದರೂ ಈ ವಾಕ್ಯಗಳು ಹೀಗೇ ನಿಲ್ಲುತ್ತವೆ. ಕನ್ನಡಕ್ಕೆ ಈ ಸ್ವಾತಂತ್ರ್ಯ ಇದೆ, ಬಳಸಿಕೊಳ್ಳಿ.

'ಅಂತೆ' ಕೂಡ ಹಾಗೆಯೇ. 'ಮೇಷ್ಟ್ರು ನೂರು ಜನ ಶಿಷ್ಯರನ್ನು ತಯಾರು ಮಾಡಿದ್ದಾರೆ' ಎನ್ನುವುದಕ್ಕೂ 'ಮಾಡಿದ್ದಾರಂತೆ' ಎನ್ನುವುದಕ್ಕೂ ನಡುವೆ ಒಂದು ಇಡೀ ವರ್ಷ ಇಡಬಹುದು. ಕಥೆಯ ಆರಂಭದಲ್ಲಿ ಹುಡುಗ ಯಾರೋ ಹೇಳಿದ್ದನ್ನೂ 'ಅಂತೆ' ಇಲ್ಲದೆ ಹೇಳಲಿ. ಅವನಿಗೆ ಕೇಳಿದ್ದೆಲ್ಲ ಕಂಡದ್ದೇ. ಆರನೇ ತಿಂಗಳಿನ ಹೊತ್ತಿಗೆ ಎಲ್ಲೋ ಒಂದು ಕಡೆ, ಅವನಿಗೇ ತಿಳಿಯದಂತೆ, ಮೊದಲ 'ಅಂತೆ' ನುಸುಳಲಿ. ಓದುಗ ಗುರುತಿಸದಿರಬಹುದು, ಆದರೆ ಏನೋ ಸಡಿಲವಾಯಿತು ಎಂದು ಅವನ ಮೈಗೆ ತಿಳಿಯುತ್ತದೆ. 'ಬಂದೇ ಬರುತ್ತದೆ'ಯಲ್ಲಿರುವ 'ಏ'ಕಾರವನ್ನೂ ಗಮನಿಸಿ. ನಿಶ್ಚಿಂತನಾದವನು 'ಬರುತ್ತದೆ' ಅನ್ನುತ್ತಾನೆ. 'ಬಂದೇ ಬರುತ್ತದೆ' ಅನ್ನುವವನಿಗೆ ಆಗಲೇ ಅನುಮಾನ ಶುರುವಾಗಿದೆ. ಮನಸ್ಸು ಬದಲಾಗಿದೆ ಎಂದು ವಿವರಿಸುವ ಪ್ಯಾರಾಗಿಂತ ಈ ಒಂದು ಅಕ್ಷರ ಮೇಲು.

ಇದೆಲ್ಲ ಮೇಲ್ಮೈ ರಿಪೇರಿ. ಆಳದಲ್ಲಿ ನಿಮ್ಮ ಕಥೆಗೆ ಬೇಕಾದದ್ದು ಬೇರೆ.

ಭ್ರಮನಿರಸನ ಎಂದರೆ ಹೊಸ ಸಂಗತಿಯೊಂದು ಗೊತ್ತಾಗುವುದು ಎಂದು ನೀವು ತಿಳಿದಂತಿದೆ. ಹುಡುಗನಿಗೆ ಇಷ್ಟು ದಿನ ಮೇಷ್ಟ್ರ ಗುಣ ಗೊತ್ತಿರಲಿಲ್ಲ, ಕೊನೆಗೆ ಗೊತ್ತಾಯಿತು, ಅವನು ಬೆಳೆದ. ಆದರೆ ಹೊಸ ಮಾಹಿತಿ ಸಿಕ್ಕಿದವನು ಬೆಳೆಯುವುದಿಲ್ಲ. ಅವನಿಗೆ ಮಾಹಿತಿ ಸಿಗುತ್ತದೆ, ಅಷ್ಟೆ. ನಾನು ಓದಿದ ಒಳ್ಳೆಯ ಕಥೆಗಳಲ್ಲೆಲ್ಲ ನಡೆಯುವುದು ಇದು: ನಿರೂಪಕ ಮೊದಲೇ ನೋಡಿದ್ದನ್ನು ಕೊನೆಗೆ ಸರಿಯಾಗಿ ನೋಡುತ್ತಾನೆ. ಸಾಕ್ಷ್ಯವೆಲ್ಲ ಎರಡನೇ ಪುಟದಲ್ಲೇ ಅವನ ಕಣ್ಣ ಮುಂದಿತ್ತು. ನೋಡಿದ್ದ, ಇಟ್ಟುಕೊಂಡಿದ್ದ, ತನಗೆ ಬೇಕಾದ ಹಾಗೆ ಓದಿಕೊಂಡಿದ್ದ. ನೋವು ಬರುವುದು 'ಗೊತ್ತಿರಲಿಲ್ಲ' ಎಂಬುದರಿಂದಲ್ಲ, 'ಗೊತ್ತಿತ್ತು, ನಾನೇ ಒಪ್ಪಲಿಲ್ಲ' ಎಂಬುದರಿಂದ.

ಡಿಕನ್ಸ್ 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ತನ್ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಈ ಕಲೆಯ ಪಾಠಪುಸ್ತಕ. ಪಿಪ್ ಎಂಬ ಕಮ್ಮಾರನ ಮನೆಯ ಹುಡುಗನಿಗೆ ಒಂದು ದಿನ ಹೆಸರು ಹೇಳದ ದಾನಿಯೊಬ್ಬರಿಂದ ಸಂಪತ್ತು ಬರುತ್ತದೆ. ಕೊಟ್ಟವಳು ಶ್ರೀಮಂತೆ ಮಿಸ್ ಹ್ಯಾವಿಶಾಮ್, ತನ್ನನ್ನು ತಾನು ಮೆಚ್ಚಿದ ಅವಳ ಸಾಕುಮಗಳು ಎಸ್ಟೆಲಾಳಿಗೆ ತಕ್ಕವನನ್ನಾಗಿ ಮಾಡುತ್ತಿದ್ದಾಳೆ ಎಂದು ಅವನು ನಂಬುತ್ತಾನೆ. ನಿಜಕ್ಕೂ ಕೊಟ್ಟವನು ಮೊದಲ ಅಧ್ಯಾಯದಲ್ಲಿ ಸ್ಮಶಾನದಲ್ಲಿ ಅವನನ್ನು ಹಿಡಿದು ಹೆದರಿಸಿದ ಕೈದಿ. ಅವನಿಗಾಗಿ ಪಿಪ್ ಮನೆಯಿಂದ ಕಬ್ಬಿಣ ಉಜ್ಜುವ ಒಂದು ಅರ ಕದ್ದು ತಂದುಕೊಟ್ಟಿರುತ್ತಾನೆ. ಎಷ್ಟೋ ದಿನದ ಮೇಲೆ ಹೆಂಡದಂಗಡಿಯಲ್ಲಿ ಅಪರಿಚಿತನೊಬ್ಬ ಪಿಪ್‌ನ ಕಣ್ಣೆದುರಿಗೇ ಆ ಅರದಿಂದ ತನ್ನ ಪಾನೀಯ ಕಲಕುತ್ತಾನೆ, ಹೋಗುವಾಗ ಹುಡುಗನ ಕೈಗೆ ಹಣವನ್ನೂ ಇಡುತ್ತಾನೆ. ಅರವೂ ಹಣವೂ ಒಂದೇ ದೃಶ್ಯದಲ್ಲಿ! ಪಿಪ್ ಅರವನ್ನು ಗುರುತಿಸುತ್ತಾನೆ. ಹೆದರುತ್ತಾನೆ. ಆದರೆ ಮುಂದೆ ಸಂಪತ್ತು ಬಂದಾಗ ಎರಡನ್ನೂ ಜೋಡಿಸುವುದಿಲ್ಲ. ಅವನ ಆಸೆ ಬೇರೆ ಸಾಕ್ಷ್ಯವನ್ನು ಆರಿಸಿಕೊಳ್ಳುತ್ತದೆ: ಸುದ್ದಿ ತಂದ ವಕೀಲನನ್ನು ತಾನು ಮಿಸ್ ಹ್ಯಾವಿಶಾಮ್ ಮನೆಯಲ್ಲಿ ನೋಡಿದ್ದೇನಲ್ಲ! ತರ್ಕ ತಪ್ಪಿಲ್ಲ ನೋಡಿ. ಬುದ್ಧಿವಂತ ಹುಡುಗನ ತರ್ಕವೇ. ಆಯ್ಕೆ ಮಾತ್ರ ಆಸೆಯದು.

ನಿಮ್ಮ ಮೇಷ್ಟ್ರ ದೃಶ್ಯಕ್ಕೆ ಇಂಥ ಒಂದು ಅರ ಬೇಕು. ಈಗಿನ ಕರಡಿನಲ್ಲಿ ಅವರು ತಲೆ ಸವರುತ್ತಾರೆ, ಮಾತು ಕೊಡುತ್ತಾರೆ, ಚಪ್ಪಾಳೆ. ಅನುಮಾನಕ್ಕೆ ಒಂದು ಕೂದಲೆಳೆಯೂ ಇಲ್ಲ. ಹಾಗಾಗಿ ಕೊನೆಯಲ್ಲಿ ಹುಡುಗ ಹಿಂದಿರುಗಿ ನೋಡಿದರೆ ಅಲ್ಲಿ ನೋಡಲು ಏನೂ ಇಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ (ನೀವು ಹೀಗೇ ಬರೆಯಬೇಕೆಂದಲ್ಲ, ಎಲ್ಲಿ ಕೈ ಹಾಕಬೇಕೆಂದು ತೋರಿಸಲು):

'ಮೇಷ್ಟ್ರು ನನ್ನ ಹೆಸರು ಕೇಳಿದರು. ಹೇಳಿದೆ. ವಿಳಾಸ ಕೇಳಿದರು. ಹೇಳಿದೆ. ಅವರ ಜೇಬಿನಲ್ಲಿ ಪೆನ್ನಿತ್ತು, ಮುಂದೆ ಹಾಳೆಯೂ ಇತ್ತು. ಬರೆದುಕೊಳ್ಳಲಿಲ್ಲ. ದೊಡ್ಡ ವಿದ್ವಾಂಸರು ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ನಾನೂ ಅಷ್ಟೆ, ಒಮ್ಮೆ ಕೇಳಿದ ಹಾಡು ಮರೆಯುವುದಿಲ್ಲ.'

ಓದುಗ ಇಲ್ಲಿ ಪೆನ್ನನ್ನು ನೋಡುತ್ತಾನೆ, ತುಸು ಕಳವಳಪಡುತ್ತಾನೆ. ಹುಡುಗನೂ ಪೆನ್ನನ್ನು ನೋಡಿದ್ದಾನೆ, ಇನ್ನಷ್ಟು ಹಿಗ್ಗಿದ್ದಾನೆ. ಒಂದೇ ವಸ್ತು, ಎರಡು ಓದು. ಅವನ ಆಸೆ ಎಷ್ಟು ದೊಡ್ಡದೆಂದರೆ ತನ್ನ ವಿರುದ್ಧದ ಸಾಕ್ಷಿಯನ್ನೇ ತನ್ನ ಕಡೆಯ ಸಾಕ್ಷಿ ಮಾಡಿಕೊಂಡು, ತನ್ನನ್ನೂ ಆ ವಿದ್ವಾಂಸರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. 'ಮುಗ್ಧ' ಎಂಬ ಪದ ಇಲ್ಲ, ಬೇಕಾಗಿಯೂ ಇಲ್ಲ. ಇನ್ನು ಕೊನೆಯ ದೃಶ್ಯಕ್ಕೆ ಹೋಗಿ. ಮೇಷ್ಟ್ರು ಇನ್ನೊಬ್ಬ ಹುಡುಗನ ತಲೆ ಸವರುತ್ತಿದ್ದಾರೆ. ಆ ಹುಡುಗ ತನ್ನ ವಿಳಾಸ ಹೇಳಿದ. ಮೇಷ್ಟ್ರು ತಲೆಯಾಡಿಸಿದರು. ಅವರ ಜೇಬಿನಲ್ಲಿ ಪೆನ್ನಿತ್ತು. ಇಷ್ಟು ಬರೆದು ನಿಲ್ಲಿಸಿ. ನಿಮ್ಮ ಕೊನೆಯ ಒಂದೂವರೆ ಪುಟ, 'ಅಂದು ನನಗೆ ಬದುಕಿನ ಕಟುಸತ್ಯದ ಅರಿವಾಯಿತು' ಎಂಬಲ್ಲಿಂದ ಮುಂದಿನದೆಲ್ಲ, ಈ ಪೆನ್ನಿನೊಳಗೆ ಹಿಡಿಸುತ್ತದೆ.

'ಅರಿವಾಯಿತು', 'ಹೊಳೆಯಿತು', 'ಮನವರಿಕೆಯಾಯಿತು' ಇವುಗಳ ಬಗ್ಗೆ ನನಗೆ ಸ್ವಲ್ಪ ಅಲರ್ಜಿ ಇದೆ, ಒಪ್ಪುತ್ತೇನೆ. ಕಥೆಯಲ್ಲಿ ಅರಿವು ನಡೆಯಬೇಕೇ ಹೊರತು ಅದರ ರಸೀದಿ ಕೊಡಬೇಕಾಗಿಲ್ಲ.

ಮುಂದಿನದು ಮಧ್ಯಭಾಗ. ಕಥೆಯಲ್ಲಿ ನನಗೆ ನಿಜವಾಗಿ ಬೇಸರವಾದದ್ದು ಅಲ್ಲಿ. ನೀವು 'ಹೀಗೆ ಒಂದು ವರ್ಷ ಕಳೆಯಿತು' ಎಂದು ಒಂದು ಸಾಲಿನಲ್ಲಿ ದಾಟಿದ್ದೀರಿ. ಆದರೆ ಆ ವರ್ಷವೇ ನಿಮ್ಮ ಕಥೆ! ಮಾತು ಕೊಟ್ಟದ್ದು ಒಂದು ನಿಮಿಷ, ಮಾತು ಮುರಿದದ್ದು ಒಂದು ನಿಮಿಷ. ನಡುವೆ ಮುನ್ನೂರ ಅರವತ್ತೈದು ದಿನ ಒಬ್ಬ ಹುಡುಗ ಆಸೆಯನ್ನು ಹೊತ್ತುಕೊಂಡು ಏನು ಮಾಡಿದ? ಆಸೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ, ದಿನವೂ ಅದಕ್ಕೆ ಮೇವು ಹಾಕಬೇಕು. ಮೊದಲ ತಿಂಗಳು ಅವನು ಕಾಯುವುದೇ ಇಲ್ಲ, ಅಷ್ಟು ನಿಶ್ಚಿಂತೆ. ಆಮೇಲೆ ಲೆಕ್ಕ ಶುರು: ಮೇಷ್ಟ್ರು ಊರಿಗೆ ತಲುಪಲು ಇಷ್ಟು ದಿನ, ಬರೆಯಲು ಇಷ್ಟು, ಅಂಚೆಗೆ ಇಷ್ಟು. ಲೆಕ್ಕ ತಪ್ಪಿದ ಮೇಲೆ ನೆಪಗಳು, ಅದೂ ಮೇಷ್ಟ್ರ ಪರವಾಗಿ: ಅವರಿಗೆ ಹುಷಾರಿಲ್ಲದಿರಬಹುದು. ನೆಪಗಳು ತೀರಿದ ಮೇಲೆ ಯಾರಾದರೂ ಅಪರಾಧಿ ಬೇಕು, ಮೇಷ್ಟ್ರಂತೂ ಆಗಲಾರರು, ಹಾಗಾದರೆ ಅಂಚೆಯವನು. ಆಮೇಲೆ ತನ್ನ ಗಂಟಲು. ಹದಿಮೂರು ಹದಿನಾಲ್ಕಾಗುತ್ತಿದೆ ಎಂಬುದನ್ನು ನೀವು ಮರೆತಿದ್ದೀರಿ: ಆ ವಯಸ್ಸಿನಲ್ಲಿ ಹುಡುಗರ ದನಿ ಒಡೆಯುತ್ತದೆ. ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿ, ಹುಡುಗನ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಮೇಷ್ಟ್ರು ಹೊಗಳಿದ ಆ ಗಂಟಲು ಕಾಗದ ಬರುವುದರೊಳಗೆ ಅವನ ಬಳಿ ಉಳಿಯುವುದೇ ಇಲ್ಲ! ಇದು ನಿಮ್ಮ ಕೈಗೆ ತಾನಾಗಿ ಬಂದ ನಿಧಿ. ಒಂದು ಬೆಳಗ್ಗೆ ಮೇಲಿನ ಷಡ್ಜಕ್ಕೆ ಹೋದ ದನಿ ಸೀಳುತ್ತದೆ. ಅಲ್ಲಿಂದ ಕಾಯುವಿಕೆಗೆ ಅವಸರ ಬರುತ್ತದೆ, ಭಯ ಬರುತ್ತದೆ. ಈಗ ಕಾಗದ ಬಂದರೂ ಕಷ್ಟ, ಬಾರದಿದ್ದರೂ ಕಷ್ಟ. ಕಾಗದ ಬಾರದಿರಲಿ ಎಂದು ಅವನ ಒಂದು ಭಾಗ ಬೇಡಿಕೊಳ್ಳಲು ಶುರುಮಾಡಿದ ದಿನ ಅವನ ಹುಡುಗತನ ಅರ್ಧ ಮುಗಿದಿರುತ್ತದೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ.

ಇದೇ ಮಧ್ಯಭಾಗದಲ್ಲಿ ಇನ್ನೊಂದು ನಡೆಯಬೇಕು, ಇದಿಲ್ಲದೆ ಪ್ರಬುದ್ಧತೆ ಬರುವುದಿಲ್ಲ. ಹುಡುಗ ಕೂಡ ಯಾರಿಗಾದರೂ ಸುಳ್ಳು ಹೇಳಬೇಕು. ಯಾಕೆಂದರೆ ಈಗಿನ ಕಥೆಯಲ್ಲಿ ಅವನು ಬರೀ ಮೋಸಹೋದವನು. ಮೋಸಹೋದವನಿಗೆ ಸಿಗುವುದು ಕೋಪ, ಹೆಚ್ಚೆಂದರೆ ಅನುಕಂಪ. ಕೋಪ ಬೆಳವಣಿಗೆಯಲ್ಲ. ಜೇಮ್ಸ್ ಜಾಯ್ಸ್‌ನ 'ಅರಬಿ' ಎಂಬ ಸಣ್ಣಕಥೆ 1914ರ 'ಡಬ್ಲಿನರ್ಸ್' ಸಂಕಲನದಲ್ಲಿದೆ. ಗೆಳೆಯನ ಅಕ್ಕನನ್ನು ಮನಸ್ಸಿನಲ್ಲೇ ಆರಾಧಿಸುವ ಹುಡುಗ, ಅವಳಿಗೆ ಏನಾದರೂ ತರುತ್ತೇನೆಂದು ಮಾತು ಕೊಟ್ಟು ಒಂದು ಸಂತೆಗೆ ಹೊರಡುತ್ತಾನೆ. ಹಣ ಕೊಡಬೇಕಾದ ಮಾವ ತಡವಾಗಿ ಬರುತ್ತಾನೆ, ರೈಲು ತೆವಳುತ್ತದೆ, ತಲುಪುವ ಹೊತ್ತಿಗೆ ಮಳಿಗೆಗಳು ಮುಚ್ಚುತ್ತಿವೆ. ಮಳಿಗೆಯ ಹುಡುಗಿ ಇಬ್ಬರು ಗಂಡಸರ ಜೊತೆ ಹುರುಳಿಲ್ಲದ ಸರಸದ ಮಾತಿನಲ್ಲಿ ಮುಳುಗಿದ್ದಾಳೆ. ದೀಪ ಆರುತ್ತದೆ. ಅಷ್ಟೆ, ಯಾರೂ ಅವನಿಗೆ ಮೋಸ ಮಾಡಿಲ್ಲ. ಅವನ ಕೋಪ ಮಾವನ ಮೇಲೆ ತಿರುಗುವುದಿಲ್ಲ, ಮಳಿಗೆಯವಳ ಮೇಲೂ ಅಲ್ಲ. ಕತ್ತಲಲ್ಲಿ ನಿಂತು ಅವನು ನೋಡುವುದು ತನ್ನನ್ನು, ತನ್ನ ಒಣ ಹೆಮ್ಮೆಯನ್ನು. ಅಂಥ ಸಂತೆಯೊಂದು 1894ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ನಿಜವಾಗಿಯೂ ನಡೆದಿತ್ತು, ಆಗ ಜಾಯ್ಸ್‌ಗೆ ಹನ್ನೆರಡು ವರ್ಷ. ನೆನಪಿನ ಸಂತೆಯನ್ನು ಅವನು ಅಷ್ಟು ಸಣ್ಣದು ಮಾಡಿದ್ದು ಉದ್ದೇಶಪೂರ್ವಕ ಎಂದೇ ನನಗನಿಸುತ್ತದೆ: ಹೊರಗಿನ ಪೆಟ್ಟು ಸಣ್ಣದಿದ್ದಷ್ಟೂ ಒಳಗಿನದು ಕಾಣುತ್ತದೆ.

ಅದಕ್ಕೇ ನಿಮ್ಮ ಮೇಷ್ಟ್ರನ್ನು ಖಳನನ್ನಾಗಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಈಗ ಅವರು ಎರಡನೇ ಹುಡುಗನಿಗೆ ಮಾತು ಕೊಟ್ಟು ಆಚೆ ತಿರುಗಿ ನಗುತ್ತಾರೆ. ಆ ನಗು ತೆಗೆದುಬಿಡಿ. ಅವರು ಪ್ರತಿ ಸಲವೂ ಮನಸಾರೆ ಹೇಳುತ್ತಾರೆ, ಪ್ರತಿ ಸಲವೂ ಮರೆಯುತ್ತಾರೆ. ಒಳ್ಳೆಯ ದನಿ ಕೇಳಿದಾಗ ಅವರ ಕಣ್ಣು ತುಂಬುವುದು ನಿಜ. ಕೆಟ್ಟವರು ಮೋಸ ಮಾಡುತ್ತಾರೆ ಎಂದು ತಿಳಿಯಲು ಹದಿಮೂರು ವರ್ಷ ಕಾಯಬೇಕಾಗಿಲ್ಲ, ಐದು ವರ್ಷದ ಮಗುವಿಗೂ ಅದು ಗೊತ್ತು. ಒಳ್ಳೆಯ ಮನುಷ್ಯನ ಮನಸಾರೆಯ ಮಾತಿಗೂ ಮರುದಿನ ಬೆಲೆ ಇಲ್ಲದೆ ಹೋಗಬಹುದು ಎಂಬುದು ದೊಡ್ಡವರ ತಿಳಿವು. ಅದನ್ನು ಹುಡುಗ ಒಪ್ಪಿಕೊಳ್ಳಬೇಕಾದರೆ ಅವನೇ ಅಂಥದೊಂದು ಮಾತನ್ನು ಆಡಿರಬೇಕು.

ಪ್ರಬುದ್ಧತೆಯ ಬಗ್ಗೆ ಕೇಳಿದ್ದೀರಿ, ಕಹಿಯ ಬಗ್ಗೆಯೂ. 'ಭ್ರಮ' ಎಂಬುದರ ಧಾತುವಿಗೆ ಸುತ್ತುವುದು, ತಿರುಗುವುದು ಎಂದು ಅರ್ಥ. ಭ್ರಮಣ, ಭ್ರಮರ ಎಲ್ಲ ಅದೇ ಮನೆಯವು. 'ನಿರಸನ' ಎಂದರೆ ತೆಗೆದುಹಾಕುವುದು. ಅಂದರೆ ಭ್ರಮನಿರಸನವಾದವನು ಸುತ್ತುವುದನ್ನು ನಿಲ್ಲಿಸಿದ್ದಾನೆ, ಅಷ್ಟೆ. ನಿಂತವನಿಗೆ ಮೊದಲು ತಲೆ ಸುತ್ತುತ್ತದೆ, ಆಮೇಲೆ ಎದುರಿಗಿರುವುದು ಇರುವಲ್ಲೇ ಕಾಣುತ್ತದೆ. 'ಎಲ್ಲರೂ ಹೀಗೆಯೇ, ಯಾರನ್ನೂ ನಂಬಬಾರದು' ಎನ್ನುವವನು ಇನ್ನೂ ಸುತ್ತುತ್ತಲೇ ಇದ್ದಾನೆ, ಈ ಸಲ ಎಡಕ್ಕೆ. ಒಬ್ಬ ಮೇಷ್ಟ್ರನ್ನು ನೋಡಿ ಲೋಕವನ್ನೆಲ್ಲ ಹೊಗಳಿದ ಹುಡುಗನೂ, ಅದೇ ಮೇಷ್ಟ್ರನ್ನು ನೋಡಿ ಲೋಕವನ್ನೆಲ್ಲ ಬೈಯುವ ಹುಡುಗನೂ ಮಾಡುತ್ತಿರುವ ತಪ್ಪು ಒಂದೇ. ನಿಮ್ಮ ಕೊನೆಯ ಪುಟದಲ್ಲಿರುವವನು ಈ ಎರಡನೆಯವನು. ಅವನ ವಯಸ್ಸು ಒಂದು ದಿನವೂ ಹೆಚ್ಚಾಗಿಲ್ಲ.

ಮುಕ್ತಾಯದ ವಿಷಯದಲ್ಲಿ ಡಿಕನ್ಸ್‌ಗೂ ನಿಮ್ಮದೇ ತೊಳಲಾಟ ಇತ್ತು ಎಂದು ತಿಳಿದರೆ ಸಮಾಧಾನವಾದೀತು. ಅವನು ಮೊದಲು ಬರೆದ ಕೊನೆಯಲ್ಲಿ ಪಿಪ್ ಮತ್ತು ಎಸ್ಟೆಲಾ ವರ್ಷಗಳ ನಂತರ ಲಂಡನ್ನಿನ ಬೀದಿಯಲ್ಲಿ ಭೇಟಿಯಾಗಿ, ನಾಲ್ಕು ಮಾತಾಡಿ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಅವಳು ಆಗಲೇ ಬೇರೆಯವರನ್ನು ಮದುವೆಯಾಗಿರುತ್ತಾಳೆ. ಕರಡಚ್ಚು ಓದಿದ ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್, ಇದು ಬೇಡ ಎಂದ. ಡಿಕನ್ಸ್ ಬದಲಿಸಿದ: ಮಿಸ್ ಹ್ಯಾವಿಶಾಮ್ ಮನೆಯ ಹಾಳುಬಿದ್ದ ಹಳೆಯ ತೋಟದಲ್ಲಿ ಇಬ್ಬರೂ ಸಿಗುತ್ತಾರೆ, ಕೈ ಹಿಡಿದು ಹೊರಬರುತ್ತಾರೆ, ಮುಂದೇನು ಎಂಬುದು ಮಂಜಿನಲ್ಲಿ ಉಳಿಯುತ್ತದೆ. ಹಳೆಯ ಕೊನೆ ಅವನು ತೀರಿಕೊಂಡ ನಂತರ, 1874ರಲ್ಲಿ, ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಹೊರಬಂತು. ಯಾವುದು ಸರಿ ಎಂಬ ಜಗಳ ಇನ್ನೂ ನಿಂತಿಲ್ಲ. ನನ್ನ ಓಟು ಮೊದಲಿನದಕ್ಕೆ. ಆದರೆ ಗಮನಿಸಬೇಕಾದದ್ದು ಬೇರೆ: ಯಾವ ಕೊನೆಯನ್ನು ಆರಿಸಿಕೊಂಡರೂ ಪಿಪ್ ಅಷ್ಟರೊಳಗೆ ಬೆಳೆದಾಗಿದೆ. ತನ್ನನ್ನು ಬೆಳೆಸಿದ, ಆದರೆ ತಾನು ನಾಚಿಕೊಂಡು ದೂರವಿಟ್ಟಿದ್ದ ಕಮ್ಮಾರ ಜೋ ಪಿಪ್‌ನ ಸಾಲ ತೀರಿಸಿ ಸದ್ದಿಲ್ಲದೆ ಹೊರಟುಹೋಗಿದ್ದಾನೆ ಎಂದು ತಿಳಿದು, ಅವನ ಹಿಂದೆ ಹೋದನಲ್ಲ, ಅಲ್ಲೇ. ತಾನು ಅಸಹ್ಯಪಟ್ಟ ಕೈದಿಯ ಕೈಯನ್ನು ಅವನು ಸಾಯುವಾಗ ಹಿಡಿದುಕೊಂಡು ಕೂತನಲ್ಲ, ಅಲ್ಲಿ. ಎಸ್ಟೆಲಾ ಸಿಕ್ಕಳೋ ಇಲ್ಲವೋ ಎಂಬುದು ಆಸೆಯ ಪ್ರಶ್ನೆ. ಇವು ಬೇರೆ ಲೆಕ್ಕ.

ಹಾಗಾಗಿ ಸಿಹಿ ಕೊನೆಯೋ ಕಹಿ ಕೊನೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹುಡುಗ ಮುಂದೆ ಹಾಡುತ್ತಾನೋ ಇಲ್ಲವೋ ಎಂಬುದನ್ನೂ ಹೇಳಬೇಕಾಗಿಲ್ಲ. ಮೇಷ್ಟ್ರು ಅವನನ್ನು ಗುರುತಿಸದಿದ್ದಾಗ ಅವನು ತನ್ನ ಹೆಸರು ಹೇಳುತ್ತಾನೆಯೇ ಎಂಬುದು ಅದಕ್ಕಿಂತ ಮುಖ್ಯ. ನಿಮ್ಮ ಕರಡಿನಲ್ಲಿ ಹೇಳುತ್ತಾನೆ, ಮೇಷ್ಟ್ರು ತಡವರಿಸುತ್ತಾರೆ, ಅವನು ಗೆಲ್ಲುತ್ತಾನೆ. ಹೇಳದಿದ್ದರೆ? 'ಯಾರಪ್ಪಾ ನೀನು?' ಎಂದಾಗ 'ಯಾರೂ ಇಲ್ಲ ಸಾರ್, ಹಾಡು ಕೇಳೋಣ ಅಂತ ಬಂದೆ' ಅಂದರೆ? ಒಡೆದ, ದಪ್ಪವಾದ ಹೊಸ ದನಿಯಲ್ಲಿ. ಎರಡನೇ ಹುಡುಗನ ಮುಖದಲ್ಲಿರುವ ಹಿಗ್ಗನ್ನು ಅವನು ನೋಡಿದ್ದಾನೆ, ತಾನು ಬಾಯಿ ಬಿಟ್ಟರೆ ಅದು ಉಳಿಯುವುದಿಲ್ಲ. ಬಾಯಿ ಬಿಡದಿದ್ದರೆ ಆ ಹುಡುಗನೂ ಒಂದು ವರ್ಷ ಕಾಯುತ್ತಾನೆ. ಯಾವುದು ಕರುಣೆ, ಯಾವುದು ಕ್ರೌರ್ಯ? ನನಗೂ ತೀರ್ಮಾನಿಸಲು ಆಗುತ್ತಿಲ್ಲ. ಇಂಥ ಕಡೆ ಕಥೆ ಜೀವಂತವಾಗಿದೆ ಎಂದು ಅರ್ಥ.

ಉಳಿದದ್ದು ಒಂದು ಸಣ್ಣ ವಿಷಯ. ಮೂರನೇ ಪುಟದಲ್ಲಿ ನೀವು 'ನನಗಿಂತ ಚೆನ್ನಾಗಿ ತಾಳ ಹಿಡಿಯುತ್ತಿದ್ದ' ಒಬ್ಬ ಗೆಳೆಯನನ್ನು ತಂದು, ಆಮೇಲೆ ಮರೆತೇಬಿಟ್ಟಿದ್ದೀರಿ. ಹುಡುಗ ಹೇಳಬೇಕಾದ ಸುಳ್ಳಿಗೆ ಬೇಕಾದವನು ಅವನೇ. ಏಳನೇ ತಿಂಗಳಲ್ಲಿ ಅವನು 'ಕಾಗದ ಬಂತೇನೋ?' ಎಂದು ಕೇಳಲಿ. ನಿಮ್ಮ ಹುಡುಗ 'ಬಂತು' ಅನ್ನಲಿ. 'ನಿನ್ನ ವಿಷಯಾನೂ ಮೇಷ್ಟ್ರಿಗೆ ಬರೀತೀನಿ, ನಿನ್ನನ್ನೂ ಕರೆಸಿಕೊಳ್ತಾರೆ' ಎಂದು, ಆ ಕ್ಷಣಕ್ಕೆ ಮನಸಾರೆ, ಅವನಿಗೆ ಮಾತು ಕೊಡಲಿ. ಆಮೇಲೆ ಬರೆದಿರಬಾರದು. ಮೇಷ್ಟ್ರ ಮನೆಯಿಂದ ವಾಪಸು ಬಂದ ದಿನ ಆ ಗೆಳೆಯ ಬಸ್ ನಿಲ್ದಾಣದಲ್ಲಿ ಕಾಯುತ್ತಿರಲಿ. ಅವನು ಏನು ಕೇಳುತ್ತಾನೆ ಎಂಬುದು ಗೊತ್ತೇ ಇದೆ. ಇವನು ಏನು ಹೇಳುತ್ತಾನೆ ಎಂಬುದನ್ನು ಬರೆದು ಇನ್ನೊಮ್ಮೆ ಕಳಿಸಿ.